ನಿಧಿ ಮತ್ತು ಮುತ್ತು

ಪರಲೋಕರಾಜ್ಯದ ಮಹತ್ತ್ವವನ್ನು ಯೇಸುಸ್ವಾಮಿಯು ಮತ್ತಾಯನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಎರಡು ಕಿರು ದೃಷ್ಟಾಂತಗಳಿಂದ ತಿಳಿಸಿದ್ದಾನೆ. ಕಳ್ಳಕಾಕರ ಹಾಗೂ ಯುದ್ಧಗಳ ಭಯದಿಂದ ಹಣವನ್ನು ನೆಲದಲ್ಲಿ ಹೂತಿಡುವುದು ಪ್ರಾಚೀನ ಕಾಲದ ವಾಡಿಕೆ. ಅಂಥ ನಿಧಿಯೊಂದನ್ನು ಹೊಲದಲ್ಲಿ ಕಂಡವನು ಅದನ್ನು ಪುನಃ ಮುಚ್ಚಿ, ಸಂತೋಷದಿಂದ ತನ್ನದೆಲ್ಲವನ್ನೂ ಮಾರಿ ಆ ಹೊಲವನ್ನೇ ಕೊಂಡುಕೊಂಡನು. ಎರಡನೆಯವನು ಒಳ್ಳೆಯ ಮುತ್ತುಗಳನ್ನು ಅರಸುತ್ತಿದ್ದ ವರ್ತಕ. ಅನರ್ಘ್ಯವಾದ ಒಂದು ಮುತ್ತು ಕಣ್ಣಿಗೆ ಬೀಳಲು ಅವನೂ ಸರ್ವಸ್ವವನ್ನು ಮಾರಿ ಅದನ್ನು ಪಡೆದನು.

ಒಬ್ಬನಿಗೆ ಅರಸದೆ ದೊರೆಯಿತು, ಮತ್ತೊಬ್ಬನಿಗೆ ಅರಸಿದ ಮೇಲೆ. ಒಬ್ಬನ ಆಸ್ತಿ ಅಲ್ಪವಿದ್ದೀತು, ಮತ್ತೊಬ್ಬನದು ಅಪಾರವಿದ್ದೀತು; ತೆತ್ತ ಬೆಲೆ ಮಾತ್ರ ಒಂದೇ, ಇದ್ದುದೆಲ್ಲವೂ. ಇದನ್ನು ಕಠಿಣ ತ್ಯಾಗವೆಂದು ತಿಳಿದರೆ ಕಥೆಯ ತಿರುಳು ಕೈತಪ್ಪುತ್ತದೆ. ನಿಧಿ ಕಂಡವನಲ್ಲಿ ಸಂತೋಷವು ಮೊದಲು ಹುಟ್ಟಿತು, ತ್ಯಾಗವು ಅದರ ಹಿಂದೆ ಬಂದಿತು. ಬಿಟ್ಟುದಕ್ಕಾಗಿ ಇಬ್ಬರಲ್ಲೊಬ್ಬನೂ ಮರುಗಿದನೆಂಬ ಮಾತಿಲ್ಲ. ಆ ರಾಜ್ಯದ ಬೆಲೆಗೆ ಇದೇ ಒರೆಗಲ್ಲು.