ಹುವಾಂಗ್‌ಶಾನ್‌ನ ಹಸಿರು ಚಹಾ: ಬಣ್ಣ ಕೆಡಿಸಿದ ಹೆಸರು, ದರ್ಜೆ ಉಳಿಸಿದ ಬೆಲೆ

ಚಹಾ ವ್ಯಾಪಾರದಲ್ಲಿ ಎಲೆಯ ಗುಣದಷ್ಟೇ ಅದು ಬೆಳೆದ ಸ್ಥಳ, ಕೊಯ್ದ ದಿನ ಹಾಗೂ ಹೆಸರಿನ ಮೇಲೆ ಗ್ರಾಹಕನಿಗಿರುವ ವಿಶ್ವಾಸ ಬೆಲೆಯನ್ನು ನಿರ್ಧರಿಸುತ್ತವೆ. ಚೀನಾದ ಹುವಾಂಗ್‌ಶಾನ್ ಮಾವೊಫೆಂಗ್ ಎಂಬ ಹಸಿರು ಚಹಾ ಇದಕ್ಕೆ ಉತ್ತಮ ನಿದರ್ಶನ.

ಬೆಳೆಯುವ ಪ್ರದೇಶ

ಆನ್‌ಹುಯಿ ಪ್ರಾಂತ್ಯದ ದಕ್ಷಿಣ ಭಾಗದಲ್ಲಿರುವ ಹುವಾಂಗ್‌ಶಾನ್ ಪರ್ವತಗಳ ಅತ್ಯುನ್ನತ ಶಿಖರದ ಎತ್ತರ 1,864 ಮೀಟರ್. ಮಂಜು ಕವಿಯುವ ಇದರ ಕಣಿವೆಗಳಲ್ಲಿಯೂ ಇಳಿಜಾರುಗಳಲ್ಲಿಯೂ ಚಹಾ ಬೆಳೆಯುತ್ತದೆ. ಈ ಸೀಮೆಗೆ ಹಿಂದೆ ಹುಯಿಝೌ ಎಂಬ ಹೆಸರಿತ್ತು. ಸಾಗುವಳಿಗೆ ಯೋಗ್ಯವಾದ ಭೂಮಿ ಕಡಿಮೆಯಿದ್ದುದರಿಂದ ಇಲ್ಲಿನ ಜನ ವ್ಯಾಪಾರವನ್ನು ಅವಲಂಬಿಸಿದರು. ಉಪ್ಪು, ಚಹಾ, ಮರಮುಟ್ಟು ಹಾಗೂ ಗಿರವಿ ವ್ಯವಹಾರಗಳಲ್ಲಿ ಹುಯಿಝೌ ವರ್ತಕರು ಚೀನಾದಾದ್ಯಂತ ಹೆಸರಾಗಿದ್ದರು.

ತಯಾರಿಕೆಯ ವಿಧಾನ

ಏಪ್ರಿಲ್ ಮೊದಲ ವಾರದಲ್ಲಿ ಬರುವ ಚಿಂಗ್‌ಮಿಂಗ್ ಹಬ್ಬದ ಆಸುಪಾಸಿನ ಕೊಯ್ಲಿಗೆ ಹೆಚ್ಚಿನ ಬೆಲೆ. ಒಂದು ಮೊಗ್ಗು ಹಾಗೂ ಆಗತಾನೇ ಬಿಚ್ಚಿಕೊಳ್ಳುತ್ತಿರುವ ಒಂದು ಎಲೆಯುಳ್ಳ ಚಿಗುರು ಉತ್ತಮ ದರ್ಜೆಗೆ ಸಲ್ಲುತ್ತದೆ. ಕೊಯ್ದ ಚಿಗುರನ್ನು ತಡಮಾಡದೆ ಬಿಸಿ ಬಾಣಲೆಯಲ್ಲಿ ಹುರಿಯುತ್ತಾರೆ. ಈ ಶಾಖದಿಂದ ಎಲೆಯೊಳಗಿನ ಕಿಣ್ವಗಳು ನಿಷ್ಕ್ರಿಯಗೊಂಡು, ಅದು ಕಪ್ಪು ಚಹಾದಂತೆ ಕಂದುಬಣ್ಣಕ್ಕೆ ತಿರುಗುವುದು ತಪ್ಪುತ್ತದೆ. ಬಳಿಕ ಹಗುರವಾಗಿ ಹೊಸೆದು, ಹದವಾದ ಶಾಖದಲ್ಲಿ ಒಣಗಿಸುತ್ತಾರೆ. ಒಂದು ಕಿಲೋ ಚಹಾಕ್ಕೆ ಸುಮಾರು ನಾಲ್ಕರಿಂದ ಐದು ಕಿಲೋ ಹಸಿ ಎಲೆ ಬೇಕಾಗುತ್ತದೆ.

ಬಣ್ಣ ತಂದ ಅಪಕೀರ್ತಿ

ಹುಯಿಝೌ ಸೀಮೆಯ ಹಸಿರು ಚಹಾ ಹದಿನೆಂಟನೆಯ ಶತಮಾನದಲ್ಲಿಯೇ ಪಾಶ್ಚಾತ್ಯ ಮಾರುಕಟ್ಟೆಯನ್ನು ತಲುಪಿತ್ತು. ಈಸ್ಟ್ ಇಂಡಿಯಾ ಕಂಪೆನಿಯ ಪರವಾಗಿ ಚಹಾ ಗಿಡ ಮತ್ತು ಬೀಜಗಳನ್ನು ಸಂಗ್ರಹಿಸಿ ಭಾರತದ ಹಿಮಾಲಯ ಪ್ರದೇಶಕ್ಕೆ ಕಳುಹಿಸಲು 1848ರಲ್ಲಿ ಇಲ್ಲಿಗೆ ಬಂದ ರಾಬರ್ಟ್ ಫಾರ್ಚ್ಯೂನ್, ರಫ್ತು ಚಹಾಕ್ಕೆ ಪ್ರಷ್ಯನ್ ನೀಲಿ ಹಾಗೂ ಜಿಪ್ಸಮ್ ಬೆರೆಸುತ್ತಿದ್ದುದನ್ನು ಕಂಡನು. ಕೆಲಸಗಾರರ ಕೈಗಳು ನೀಲಿಯಾಗಿದ್ದವು. 100 ಪೌಂಡ್ ಚಹಾದಲ್ಲಿ ಅರ್ಧ ಪೌಂಡಿಗೂ ಹೆಚ್ಚು ಇಂತಹ ಬೆರಕೆಯಿದೆಯೆಂದು ಅವನು 1852ರ ತನ್ನ ಗ್ರಂಥದಲ್ಲಿ ಲೆಕ್ಕ ಕೊಟ್ಟನು. ಚೀನೀಯರು ತಾವು ಇಂತಹ ಚಹಾ ಕುಡಿಯುತ್ತಿರಲಿಲ್ಲ. ಹೊರನಾಡಿನ ಗ್ರಾಹಕರು ಹೊಳೆಯುವ ಬಣ್ಣವನ್ನು ಬಯಸುತ್ತಿದ್ದರೆಂದು ಹಾಗೆ ಮಾಡುತ್ತಿದ್ದರು. ಕೇಳಿದ್ದನ್ನು ಕೊಟ್ಟರೂ ಅಪಕೀರ್ತಿ ಬಂದುದು ಮಾರಿದವರಿಗೇ.

ಹೆಸರಿನ ಪುನಃಸ್ಥಾಪನೆ

1875ರ ಸುಮಾರಿಗೆ ಇದೇ ಸೀಮೆಯ ಶಿಯೆ ಝೆಂಗ್‌ಆನ್ ಎಂಬ ವರ್ತಕನು ಎಳೆಯ ಚಿಗುರನ್ನೇ ಆರಿಸಿ ಮಾವೊಫೆಂಗ್ ಚಹಾವನ್ನು ರೂಪಿಸಿದನೆಂದು ಹೇಳಲಾಗುತ್ತದೆ. ಇಂದು ಈ ಹೆಸರಿಗೆ ಭೌಗೋಳಿಕ ಸೂಚಕದ ರಕ್ಷಣೆಯಿದ್ದು, ಜಿಬಿ/ಟಿ 19460-2008 ಎಂಬ ರಾಷ್ಟ್ರೀಯ ಮಾನಕವು ಉತ್ಪಾದನಾ ಪ್ರದೇಶವನ್ನೂ ದರ್ಜೆಗಳನ್ನೂ ಗೊತ್ತುಪಡಿಸಿದೆ. ಚೀನಾದ ಸಾಂಪ್ರದಾಯಿಕ ಚಹಾ ತಯಾರಿಕೆಯ ಕೌಶಲಗಳನ್ನು ಯುನೆಸ್ಕೊ 2022ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಖರೀದಿದಾರರು ಗಮನಿಸಬೇಕಾದ ಅಂಶಗಳು

ಉತ್ತಮ ಮಾವೊಫೆಂಗ್ ದಂತವರ್ಣ ಬೆರೆತ ಹಳದಿ ಮಿಶ್ರಿತ ಹಸಿರಾಗಿರುತ್ತದೆ. ಚಿಗುರಿನ ಬುಡದಲ್ಲಿ ಹೊಂಬಣ್ಣದ ಪುಟ್ಟ ಎಲೆಯೊಂದು ಕಾಣುತ್ತದೆ. ಕಣ್ಣು ಕುಕ್ಕುವ ಹಸಿರು ಇದರ ಲಕ್ಷಣವಲ್ಲ. ಖರೀದಿಗೆ ಮುನ್ನ ಮಾದರಿಯನ್ನು ತರಿಸಿಕೊಂಡು, ದರ್ಜೆ, ಕೊಯ್ಲಿನ ವರ್ಷ ಮತ್ತು ಋತುವನ್ನು ಬರವಣಿಗೆಯಲ್ಲಿ ಪಡೆಯುವುದು ಒಳಿತು.

ಸುಂಕದ ವರ್ಗೀಕರಣದಲ್ಲಿ, ಪೊಟ್ಟಣದ ತೂಕ 3 ಕಿಲೋ ಮೀರದ ಹಸಿರು ಚಹಾ 0902.10ಕ್ಕೂ ಉಳಿದದ್ದು 0902.20ಕ್ಕೂ ಸೇರುತ್ತದೆ. ಹಸಿರು ಚಹಾ ಗಾಳಿ, ಬೆಳಕು, ತೇವ ಹಾಗೂ ಶಾಖಗಳಿಗೆ ಬೇಗ ಕೆಡುತ್ತದೆ. ಸುತ್ತಲಿನ ವಾಸನೆಯನ್ನೂ ಹೀರಿಕೊಳ್ಳುತ್ತದೆ. ಆದುದರಿಂದ ಮಸಾಲೆ, ಅಗರಬತ್ತಿಗಳಿರುವ ಗೋದಾಮಿನಲ್ಲಿ ಇದನ್ನಿಡುವುದು ನಷ್ಟಕ್ಕೆ ದಾರಿ. 80ರಿಂದ 85 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ಸಾಕೆಂದು ಪೊಟ್ಟಣದ ಮೇಲೆ ಮುದ್ರಿಸಬೇಕು. ಕುದಿನೀರು ಸುರಿದು ಕಹಿಯಾದರೆ ಗ್ರಾಹಕನು ದೂರುವುದು ಅಂಗಡಿಯನ್ನೇ.

ಮೈಸೂರು ರೇಷ್ಮೆ, ಬ್ಯಾಡಗಿ ಮೆಣಸಿನಕಾಯಿಗಳಂತಹ ನಮ್ಮ ಸರಕುಗಳಿಗೂ ಭೌಗೋಳಿಕ ಸೂಚಕದ ನೋಂದಣಿ ದೊರೆತಿದೆ. ಆದರೆ ನೋಂದಣಿಪತ್ರ ಹೆಸರನ್ನು ಕಾಯಬಲ್ಲದೇ ಹೊರತು ಗುಣವನ್ನಲ್ಲ. ಸ್ಪಷ್ಟ ದರ್ಜೆ, ಬೆರಕೆಯಿಲ್ಲದ ಸರಕು ಹಾಗೂ ಎಚ್ಚರದ ಸಂಗ್ರಹಣೆಯಿಂದ ಮಾತ್ರ ಅಂತಹ ಹೆಸರಿಗೆ ಮಾರುಕಟ್ಟೆಯಲ್ಲಿ ಬೆಲೆ ಉಳಿಯುತ್ತದೆ.