ಆತ್ಮಹತ್ಯೆಯ ತಡೆ: ಫಲ ನೀಡಿದ ಉಪಾಯಗಳು ಯಾವುವು?

ಮಧುಗಿರಿ, ಸಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಮಳೆಯನ್ನೇ ನೆಚ್ಚಿಕೊಂಡಿರುವ ಬಯಲುಸೀಮೆಯ ಪ್ರದೇಶಗಳು. ಹದವಾದ ಮಳೆ ಬಿದ್ದ ವರ್ಷ ಕಡಲೆಕಾಯಿ, ರಾಗಿ ಕೈಗೆ ಬರುತ್ತವೆ. ಮಳೆ ಕೈಕೊಟ್ಟ ವರ್ಷ ಬಿತ್ತನೆ ಬೀಜದ ಸಾಲವೂ ಕೊಳವೆ ಬಾವಿಯ ಸಾಲವೂ ಸಂಸಾರದ ಮೇಲೆ ಬೀಳುತ್ತವೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿಸಲ್ಪಟ್ಟವು. ಇಂತಹ ದಿನಗಳಲ್ಲಿ ಮನೆಯ ಯಾರಾದರೊಬ್ಬರ ಮನಸ್ಸು ಕುಗ್ಗಿ, ಬದುಕೇ ಬೇಡವೆಂಬ ಯೋಚನೆಗೆ ತಿರುಗುವುದುಂಟು. ಆ ಯೋಚನೆ ವಿಧಿಲಿಖಿತವಲ್ಲ. ಸಕಾಲದಲ್ಲಿ ನೆರವು ದೊರೆತರೆ ಅದು ಕಳೆದುಹೋಗುತ್ತದೆ, ಜೀವ ಉಳಿಯುತ್ತದೆ.

ಕಾರಣ ಒಂದೇ ಅಲ್ಲ

ರಾಷ್ಟ್ರೀಯ ಅಪರಾಧ ದಾಖಲೆಗಳ ಕೇಂದ್ರದ ಪ್ರಕಾರ 2022ರಲ್ಲಿ ಭಾರತದಲ್ಲಿ 1,70,924 ಮಂದಿ ಆತ್ಮಹತ್ಯೆಯಿಂದ ಮರಣ ಹೊಂದಿದರು. ಕರ್ನಾಟಕದಲ್ಲಿ 13,606 ಮಂದಿ. ದೇಶದ ಒಟ್ಟು ಪ್ರಕರಣಗಳಲ್ಲಿ ಕೌಟುಂಬಿಕ ಸಮಸ್ಯೆಗಳಿಂದಾದವು ಶೇಕಡಾ 31.7, ಕಾಯಿಲೆಯಿಂದಾದವು ಶೇಕಡಾ 18.4 ಎಂದು ದಾಖಲಾಗಿದೆ. ದಾಖಲೆಯಲ್ಲಿ ಒಂದೇ ಕಾರಣ ಬರೆದಿದ್ದರೂ ವಾಸ್ತವದಲ್ಲಿ ಸಾಲ, ಕುಡಿತ, ಜಗಳ, ವಾಸಿಯಾಗದ ನೋವು, ಮನೋರೋಗ ಇವು ಒಂದರೊಡನೊಂದು ಹೆಣೆದುಕೊಂಡಿರುತ್ತವೆ. ಆದುದರಿಂದ ಒಂದೇ ಉಪಾಯ ಎಲ್ಲರಿಗೂ ಸಾಲದು.

ಉಪಾಯವನ್ನು ಅಳೆಯುವುದು ಹೇಗೆ?

ಹೊಸ ತಳಿಯ ಬೀಜದ ಗುಣವನ್ನು ತಿಳಿಯಲು ಪಕ್ಕದ ತಾಕಿನಲ್ಲಿ ಹಳೆಯ ತಳಿಯನ್ನೂ ಬಿತ್ತಿ, ಎರಡರ ಇಳುವರಿಯನ್ನು ಹೋಲಿಸಬೇಕು. ಇಲ್ಲವಾದರೆ ಒಳ್ಳೆಯ ಮಳೆಯ ಫಲವನ್ನು ಬೀಜದ ಗುಣವೆಂದು ಭ್ರಮಿಸುತ್ತೇವೆ. ಆತ್ಮಹತ್ಯೆಯ ತಡೆಯ ಕಾರ್ಯಕ್ರಮಗಳಿಗೂ ಇದೇ ನಿಯಮ. ಉದ್ದೇಶ ಒಳ್ಳೆಯದಾಗಿದ್ದರೆ ಸಾಲದು, ಜೀವಗಳು ಉಳಿದವೇ ಎಂದು ಎಣಿಸಬೇಕು.

ಶ್ರೀಲಂಕಾ ಸರ್ಕಾರವು ಅತ್ಯಂತ ವಿಷಕಾರಿಯಾದ ಕೀಟನಾಶಕಗಳನ್ನು 1984ರಿಂದ ಹಂತಹಂತವಾಗಿ ನಿಷೇಧಿಸಿತು. 1995ರಿಂದ 2015ರ ಅವಧಿಯಲ್ಲಿ ಅಲ್ಲಿನ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇಕಡಾ 70ರಷ್ಟು ಇಳಿಯಿತು. ವಿಷ ಸೇವಿಸಿದವರ ಸಂಖ್ಯೆ ಅಷ್ಟಾಗಿ ಇಳಿಯಲಿಲ್ಲ. ಆದರೆ ಸೇವಿಸಿದವರಲ್ಲಿ ಬದುಕಿ ಉಳಿದವರು ಹೆಚ್ಚಾದರು. ಹಾಗೆ ಉಳಿದವರಲ್ಲಿ ಬಹುಪಾಲು ಜನ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ನಿಷೇಧದಿಂದ ಬೆಳೆಯ ಇಳುವರಿಯೂ ಕುಗ್ಗಲಿಲ್ಲ.

ಅದೇ ದೇಶದ 180 ಹಳ್ಳಿಗಳಲ್ಲಿ ಮತ್ತೊಂದು ಉಪಾಯದ ಪರೀಕ್ಷೆ ನಡೆಯಿತು. ಅರ್ಧದಷ್ಟು ಹಳ್ಳಿಗಳ ಮನೆಗಳಿಗೆ ಕೀಟನಾಶಕವನ್ನಿಡಲು ಬೀಗದ ಪೆಟ್ಟಿಗೆಗಳನ್ನು ಕೊಡಲಾಯಿತು, ಉಳಿದವಕ್ಕೆ ಕೊಡಲಿಲ್ಲ. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ ಎರಡೂ ಕಡೆ ವ್ಯತ್ಯಾಸ ಕಾಣಲಿಲ್ಲ. ಬೀಗದ ಕೈ ಮನೆಯಲ್ಲೇ ಇರುತ್ತದೆ, ಅಂಗಡಿಯೂ ತೆರೆದಿರುತ್ತದೆ ಎಂಬುದನ್ನು ಮರೆಯಬಾರದು. ತಮಿಳುನಾಡಿನ ಕಾಟ್ಟುಮನ್ನಾರ್‌ಕೋಯಿಲ್ ಬಳಿಯ ಹಳ್ಳಿಗಳಲ್ಲಿ ಮನೆಯ ಹೊರಗೆ ಸಾಮೂಹಿಕ ಕೋಠಿಯಲ್ಲಿ ಔಷಧಿಯನ್ನಿಡುವ ಪ್ರಯೋಗ ಭರವಸೆ ಮೂಡಿಸಿತು. ಆದರೆ ಅದು ಕೆಲವೇ ಹಳ್ಳಿಗಳ ಪ್ರಯೋಗ.

ಮೂರನೆಯದು, ಸಂಪರ್ಕ. ವಿಶ್ವ ಆರೋಗ್ಯ ಸಂಸ್ಥೆಯು ಚೆನ್ನೈ ಸೇರಿ ಐದು ದೇಶಗಳ ಐದು ಕಡೆ, ಆತ್ಮಹತ್ಯೆಗೆ ಯತ್ನಿಸಿ ಆಸ್ಪತ್ರೆಗೆ ಬಂದ 1,867 ಮಂದಿಯನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ವಾಡಿಕೆಯ ಚಿಕಿತ್ಸೆ. ಇನ್ನೊಂದಕ್ಕೆ ಅದರೊಡನೆ ಒಂದು ಗಂಟೆಯ ಸಮಾಲೋಚನೆ, ಬಳಿಕ 18 ತಿಂಗಳು ಆಗಾಗ್ಗೆ ಭೇಟಿ ಅಥವಾ ದೂರವಾಣಿ ಕರೆ. ಮೊದಲನೆಯ ಗುಂಪಿನಲ್ಲಿ 18 ಮಂದಿ ಆತ್ಮಹತ್ಯೆಯಿಂದ ತೀರಿಕೊಂಡರು, ಎರಡನೆಯದರಲ್ಲಿ ಇಬ್ಬರು. ಅಪಾರ ಖರ್ಚಿಲ್ಲದ ಈ ವಿಚಾರಣೆಯೇ ಜೀವಗಳನ್ನು ಉಳಿಸಿತು.

ದಂಪತಿಗಳು ಮಾಡಬೇಕಾದುದೇನು?

1. ಗಂಡನಾಗಲಿ ಹೆಂಡತಿಯಾಗಲಿ ಊಟ ನಿದ್ರೆ ಬಿಟ್ಟರೆ, ಮೌನವಾದರೆ, ಕುಡಿತ ಹೆಚ್ಚಿದರೆ, ಮಕ್ಕಳನ್ನು ನೋಡಿಕೊಳ್ಳಿರೆಂದು ಅಕಾಲದಲ್ಲಿ ಹೇಳತೊಡಗಿದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿರಿ. ಹೆರಿಗೆಯಾದ ತಾಯಿಯ ವಿಷಯದಲ್ಲಿ ಇನ್ನೂ ಎಚ್ಚರ ಅಗತ್ಯ.

2. ಸಾಯುವ ಯೋಚನೆ ಬರುತ್ತಿದೆಯೇ ಎಂದು ಪ್ರೀತಿಯಿಂದ, ನೇರವಾಗಿ ಕೇಳಿರಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೇಳಿಕೊಂಡರೆ ಎದೆಯ ಭಾರ ಇಳಿಯುತ್ತದೆ. ಬುದ್ಧಿ ಹೇಳುವ ಮೊದಲು ಪೂರ್ತಿ ಕೇಳಿಸಿಕೊಳ್ಳಿರಿ.

3. ಕೀಟನಾಶಕವನ್ನು ಬೇಕಾದಷ್ಟೇ ಕೊಳ್ಳಿರಿ, ಉಳಿದುದನ್ನು ಮನೆಯಲ್ಲಿ ಕೂಡಿಡಬೇಡಿರಿ. ಮನೆಯವರೊಬ್ಬರು ನೊಂದಿರುವಾಗ ಅದು ಮನೆಯಲ್ಲಿ ಇರಲೇಕೂಡದು. ಅವರನ್ನು ಒಂಟಿಯಾಗಿ ಬಿಡಬೇಡಿರಿ.

4. ಆಶಾ ಕಾರ್ಯಕರ್ತೆಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತಿಳಿಸಿರಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

5. ಯಾರಾದರೂ ವಿಷ ಸೇವಿಸಿದ್ದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಿರಿ. ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.

ಕಾನೂನಿನ ಭಯ ಬೇಡ

ಮೊಕದ್ದಮೆಗೆ ಹೆದರಿ ಪ್ರಕರಣವನ್ನು ಮುಚ್ಚಿಟ್ಟು, ಅಮೂಲ್ಯವಾದ ವೇಳೆಯನ್ನು ಕಳೆದುಕೊಳ್ಳುವ ಕುಟುಂಬಗಳುಂಟು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 115ನೆಯ ಕಲಮು, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದು ಭಾವಿಸಿ, ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯವೆಂದು ವಿಧಿಸಿದೆ. ಈ ಯತ್ನಕ್ಕೆ ಶಿಕ್ಷೆ ವಿಧಿಸುತ್ತಿದ್ದ ಭಾರತೀಯ ದಂಡ ಸಂಹಿತೆಯ 309ನೆಯ ಕಲಮು 2024ರ ಜುಲೈ 1ರಿಂದ ಹೊಸ ನ್ಯಾಯ ಸಂಹಿತೆ ಜಾರಿಗೆ ಬಂದಾಗ ಕೊನೆಗೊಂಡಿತು.

ಆಸ್ಪತ್ರೆಯಿಂದ ಮನೆಗೆ ಮರಳಿದವರನ್ನು ಹಂಗಿಸದಿರಿ. ವಾರಕ್ಕೊಮ್ಮೆಯಾದರೂ ಹೋಗಿ ಕಂಡು, ಕುಶಲ ವಿಚಾರಿಸಿರಿ. ಮಳೆ ಹೋದರೆ ಮುಂದಿನ ವರ್ಷ ಬಂದೀತು, ಸಾಲವನ್ನು ಕಂತಿನಲ್ಲಿ ತೀರಿಸಬಹುದು. ಹೋದ ಜೀವ ಮಾತ್ರ ಮರಳಿ ಬಾರದು.