ತಲೆಯ ಹೊಟ್ಟು ಮತ್ತು ಮೂರು ಸೀಸೆಗಳು

ನಾವು ಮುಂಬಯಿಯಲ್ಲಿ ಹೋಟೆಲು ನಡೆಸುತ್ತಿದ್ದ ದಿನಗಳಲ್ಲಿ ಊರ ಕಡೆಯ ಮಾಣಿಯೊಬ್ಬನ ತಲೆಯಿಂದ ಬಿಳಿಯ ಹೊಟ್ಟು ಹೆಗಲ ಮೇಲೆ ಉದುರುತ್ತಿತ್ತು. ಗಿರಾಕಿಯೊಬ್ಬರು ಮುಖ ಸಿಂಡರಿಸಿದರೆಂದು ಆತನನ್ನು ಬಡಿಸುವ ಕೆಲಸದಿಂದ ತೆಗೆದು ಪಾತ್ರೆ ತೊಳೆಯುವಲ್ಲಿಗೆ ಅಟ್ಟಿದೆವು. ಅದು ಅಂಟುರೋಗವೆಂದೇ ನಮ್ಮ ತಿಳಿವಳಿಕೆ. ದಿನವೂ ಕಾಫಿಗೆ ಬರುತ್ತಿದ್ದ ಚರ್ಮವೈದ್ಯರೊಬ್ಬರು ಆತನನ್ನು ನೋಡಿ, ಇದು ಸೋರಿಯಾಸಿಸ್, ಮುಟ್ಟಿದರಾಗಲಿ ಒಂದೇ ಬಾಚಣಿಗೆ ಬಳಸಿದರಾಗಲಿ ಇನ್ನೊಬ್ಬರಿಗೆ ತಗಲುವುದಲ್ಲ ಎಂದಾಗ ನಮಗಾದ ನಾಚಿಕೆ ಅಷ್ಟಿಷ್ಟಲ್ಲ.

ಮಾಣಿಯ ಪೆಟ್ಟಿಗೆಯಲ್ಲಿ ಮೂರು ಸೀಸೆಗಳಿದ್ದುವು. ಒಂದು ಔಷಧಿಯಂಗಡಿಯಲ್ಲಿ ಕೇಳಿ ಕೊಂಡ ತೀಕ್ಷ್ಣವಾದ ಸ್ಟಿರಾಯ್ಡ್, ಒಂದು ಸ್ಯಾಲಿಸಿಲಿಕ್ ಆಮ್ಲದ ದ್ರಾವಣ, ಇನ್ನೊಂದು ಗೆಳೆಯನಿಂದ ಎರವಲು ತಂದ ಕ್ಯಾಲ್ಸಿಪೋಟ್ರಿಯಾಲ್. ಒಂದರಿಂದ ಆಗದ್ದು ಮೂರರಿಂದ ಆದೀತೆಂದು ಮೂರನ್ನೂ ಒಂದೇ ರಾತ್ರಿ ಹಚ್ಚಿಕೊಂಡು ಮಲಗುತ್ತಿದ್ದನು.

ಹಲವು ಚಿಕಿತ್ಸೆಗಳನ್ನು ಕೂಡಿಸುವುದು ತಪ್ಪೆಂದು ವಾಚಕರು ಭಾವಿಸಬಾರದು. ಅಮೆರಿಕದ ಗೋಕರ್‌ಮನ್ ಎಂಬ ವೈದ್ಯರು 1925ರಲ್ಲಿಯೇ ಕಲ್ಲಿದ್ದಲಿನ ಡಾಮರನ್ನು ಹಚ್ಚಿ ನೇರಳಾತೀತ ಕಿರಣವನ್ನು ಹಾಯಿಸುವ ಕ್ರಮವನ್ನು ಪ್ರಕಟಿಸಿದ್ದರು. ತಲೆಗಾದರೋ ಕೂದಲು ಕಿರಣಕ್ಕೆ ಅಡ್ಡವಾಗುವುದರಿಂದ ಹಚ್ಚುವ ಔಷಧಿಯೇ ಮೊದಲ ಆಶ್ರಯ. ಸಾಮಾನ್ಯವಾಗಿ ಚರ್ಮದ ಜೀವಕೋಶಗಳು ಮೇಲೆ ಬಂದು ಉದುರಲು ಸುಮಾರು ಒಂದು ತಿಂಗಳು ಬೇಕು. ಈ ರೋಗದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿತಪ್ಪಿ, ಆ ಕೆಲಸ ಕೆಲವೇ ದಿನಗಳಲ್ಲಿ ನಡೆದು ಪೊರೆಯ ಮೇಲೆ ಪೊರೆ ಕಟ್ಟಿಕೊಳ್ಳುತ್ತದೆ. ಆ ಪೊರೆಯ ಮೇಲೆ ಎಷ್ಟು ಬೆಲೆಯ ಔಷಧಿ ಸುರಿದರೂ ಒಳಗಿಳಿಯದು.

ಆದುದರಿಂದ ಮೊದಲು ಸ್ಯಾಲಿಸಿಲಿಕ್ ಆಮ್ಲದಿಂದ ಪೊರೆಯನ್ನು ಮೆದುಗೊಳಿಸಿ ತೆಗೆಯಬೇಕು. ಅನಂತರ ಉರಿಯೂತವನ್ನು ತಗ್ಗಿಸುವ ಔಷಧಿ. ಸ್ಟಿರಾಯ್ಡ್ ಮತ್ತು ಕ್ಯಾಲ್ಸಿಪೋಟ್ರಿಯಾಲ್ ಒಂದಕ್ಕೊಂದು ಹೊಂದುತ್ತವೆ, ಎರಡೂ ಸೇರಿರುವ ಸಿದ್ಧ ಔಷಧಿಯೂ ಇದೆ. ಆದರೆ ಸ್ಯಾಲಿಸಿಲಿಕ್ ಆಮ್ಲ ತಗಲಿದರೆ ಕ್ಯಾಲ್ಸಿಪೋಟ್ರಿಯಾಲ್ ಕೆಟ್ಟು ನಿಷ್ಪ್ರಯೋಜಕವಾಗುತ್ತದೆ. ಮಾಣಿ ಹಣ ತೆತ್ತು ಪ್ರತಿ ರಾತ್ರಿಯೂ ಮಾಡುತ್ತಿದ್ದುದು ಇದನ್ನೇ! ಒಗ್ಗರಣೆಯ ಹೊತ್ತು ತಪ್ಪಿದರೆ ಸಾರು ಕೆಡುವುದನ್ನು ದಿನವೂ ಕಂಡಿದ್ದ ನಮಗೆ ವೈದ್ಯರ ಮಾತು ಥಟ್ಟನೆ ತಿಳಿಯಿತು. ಕ್ಲೊಬೆಟಾಸೋಲಿನಂತಹ ತೀಕ್ಷ್ಣ ಸ್ಟಿರಾಯ್ಡನ್ನು ಸಾಮಾನ್ಯವಾಗಿ ಎರಡು ವಾರಗಳಿಗಿಂತ ಹೆಚ್ಚು ಎಡೆಬಿಡದೆ ಹಚ್ಚುವಂತಿಲ್ಲ. ಆತ ಹಚ್ಚಿದ್ದು ತಿಂಗಳುಗಟ್ಟಲೆ. ಹಣೆಯಂಚಿನ ಚರ್ಮ ತೆಳುವಾಗಿತ್ತು.

ಎಲ್ಲ ಹೊಟ್ಟೂ ಸೋರಿಯಾಸಿಸ್ ಅಲ್ಲ. ಜಿಡ್ಡುಜಿಡ್ಡಾದ ಹಳದಿ ಹೊಟ್ಟಿನ ಹಿಂದೆ ಮಲಾಸೀಜಿಯ ಎಂಬ ಸೂಕ್ಷ್ಮ ಶಿಲೀಂಧ್ರದ ಕೈವಾಡವಿರುವುದುಂಟು. ಅದಕ್ಕೆ ಕೀಟೋಕೋನಜೋಲ್ ಶಾಂಪೂ ಬೇಕು, ನೊರೆಯನ್ನು ಮೂರರಿಂದ ಐದು ನಿಮಿಷ ಬಿಟ್ಟು ತೊಳೆಯಬೇಕು. ತಲೆಗೆ ಎಣ್ಣೆ ತಟ್ಟಿ ಮಲಗಿದರೆ ಆ ಶಿಲೀಂಧ್ರಕ್ಕೆ ಔತಣವಿಟ್ಟಂತೆ. ಎಣ್ಣೆಸ್ನಾನದಲ್ಲಿ ಬೆಳೆದ ನಮ್ಮವರಿಗೆ ಈ ಮಾತು ರುಚಿಸದೆಂದು ಬಲ್ಲೆವು.

ಹಚ್ಚುವ ಔಷಧಿಗೆ ಬಗ್ಗದಿದ್ದರೆ ವೈದ್ಯರು ಮೆಥೊಟ್ರೆಕ್ಸೇಟ್ ಗುಳಿಗೆಯನ್ನು ಕೊಡುವುದುಂಟು. ಅದು ವಾರಕ್ಕೆ ಒಂದು ದಿನ ಮಾತ್ರ ಸೇವಿಸತಕ್ಕದ್ದು. ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ರಕ್ತಪರೀಕ್ಷೆ ತಪ್ಪಿಸುವಂತಿಲ್ಲ, ಮದ್ಯವಂತೂ ಕೂಡದು. ಇಲ್ಲೊಬ್ಬ ವೈದ್ಯರು, ರಜೆಗೆ ಊರಿಗೆ ಹೋದಾಗ ಇನ್ನೊಬ್ಬರು, ನಡುವೆ ನೆಂಟರು ಕೊಟ್ಟ ಪುಡಿ: ಪರಸ್ಥಳದಲ್ಲಿರುವ ನಮ್ಮವರ ಚಿಕಿತ್ಸೆ ನಡೆಯುವುದೇ ಹೀಗೆ. ಒಬ್ಬರು ಬರೆದುಕೊಟ್ಟ ಚೀಟಿಯನ್ನು ಇನ್ನೊಬ್ಬರಿಗೆ ತೋರಿಸುವುದಿಲ್ಲ. ಬೆರಳು, ಮಂಡಿಗಳ ಕೀಲು ಬೆಳಿಗ್ಗೆ ಬಿಗಿದು ನೋಯುತ್ತಿದ್ದರೆ ಅದನ್ನೂ ಹೇಳಬೇಕು, ಈ ರೋಗ ಕೀಲುಗಳಿಗೂ ಇಳಿಯಬಲ್ಲುದು.

ವೈದ್ಯರು ಹೇಳಿದ ಕ್ರಮದಲ್ಲಿ ನಡೆದ ಮೇಲೆ ಮಾಣಿಯ ತಲೆ ಬಹುಮಟ್ಟಿಗೆ ತಿಳಿಯಾಯಿತು. ಬೇರುಸಹಿತ ಹೋಗುವ ರೋಗವಲ್ಲವಾದುದರಿಂದ ಚಳಿಗಾಲಕ್ಕೆ ಮತ್ತೆ ಕಾಣಿಸಿತು. ಈ ಬಾರಿ ಆತನೇ ಚೀಟಿ ಹಿಡಿದುಕೊಂಡು ವೈದ್ಯರಲ್ಲಿಗೆ ಹೋಗಿಬಂದನು. ನಾವು ಆತನನ್ನು ಮರಳಿ ಬಡಿಸಲು ಕರೆದೆವು. ಪಾತ್ರೆ ತೊಳೆದ ಆ ಎಂಟು ತಿಂಗಳ ಮಾತನ್ನು ಆತ ಎಂದೂ ಎತ್ತಲಿಲ್ಲ. ಎತ್ತುವ ಧೈರ್ಯ ನಮಗೂ ಬರಲಿಲ್ಲ.